ಕಲ್ಲಾದ ಆಮೆ, ಈಜುವ ಆಮೆ

(ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಮತ್ತು ನದಿಯ ಬಗ್ಗೆ ಆಸಕ್ತಿಯುಳ್ಳ ಹವ್ಯಾಸಿಗಳು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ಹೆಸರಿನ ಕಥೆಯಿಂದ ಆರಂಭಿಸುತ್ತೇನೆ. ನಮ್ಮ ಕೃಷ್ಣೆ, ತುಂಗಭದ್ರೆ, ಕಾವೇರಿಗಳಲ್ಲಿ ಈಜುವ ದೊಡ್ಡ ಮೆದುಚಿಪ್ಪಿನ ಆಮೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅದರ ವೈಜ್ಞಾನಿಕ ಹೆಸರು ನಿಲ್ಸೋನಿಯಾ ಲೀಥಿಯೈ. 1872ರಲ್ಲಿ ಜಾನ್ ಎಡ್ವರ್ಡ್ ಗ್ರೇ ಇದನ್ನು ವರ್ಣಿಸಿದಾಗ ಬೊಂಬಾಯಿಯಲ್ಲಿದ್ದ ವೈದ್ಯ ಲೀತ್ ಅವರ ಹೆಸರನ್ನು ಇಟ್ಟ. ಆದರೆ ಲೀತ್ ಹೆಸರಿನ ಆಮೆ ಇದೊಂದೇ ಅಲ್ಲ. ಅದಕ್ಕೆ 20 ವರ್ಷ ಮೊದಲು, 1852ರಲ್ಲಿ, ಎಚ್. ಜೆ. ಕಾರ್ಟರ್ ಬೊಂಬಾಯಿ ದ್ವೀಪದ ಶಿಲೆಗಳ ಬಗ್ಗೆ ಬರೆಯುತ್ತಾ ಅಲ್ಲಿನ ಪದರಗಳಲ್ಲಿ ಸಿಕ್ಕ ಕಲ್ಲಾದ ಆಮೆಯೊಂದಕ್ಕೆ ಟೆಸ್ಟುಡೊ ಲೀಥಿಯೈ ಎಂದು ಹೆಸರಿಟ್ಟಿದ್ದ. ಇವೆರಡರ ನಡುವೆ 1869ರಲ್ಲಿ ಆಲ್ಬರ್ಟ್ ಗುಂಥರ್ ಬದುಕಿರುವ ಪುಟ್ಟ ನೆಲದಾಮೆಯೊಂದಕ್ಕೂ ಅದೇ ಹೆಸರನ್ನು, ಅಕ್ಷರ ತಪ್ಪದೆ, ಟೆಸ್ಟುಡೊ ಲೀಥಿಯೈ ಎಂದೇ ಕೊಟ್ಟ.

ಒಂದು ಕುಲದಲ್ಲಿ ಒಂದು ಹೆಸರನ್ನು ಎರಡು ಪ್ರಾಣಿಗಳಿಗೆ ಕೊಡುವಂತಿಲ್ಲ. ಮೊದಲು ಪಡೆದದ್ದಕ್ಕೇ ಹಕ್ಕು. ಈ ನಿಯಮ ಬದುಕಿರುವುದು, ಅಳಿದದ್ದು ಎಂಬ ಭೇದ ಎಣಿಸುವುದಿಲ್ಲ. ಹೀಗಾಗಿ ಗುಂಥರ್ ಕೊಟ್ಟ ಹೆಸರು ಬಿದ್ದುಹೋಯಿತು. ಈಜಿಪ್ಟ್, ಲಿಬಿಯಾ ಸೀಮೆಯ ಮರಳಿನಲ್ಲಿ ಇಂದಿಗೂ ನಡೆದಾಡುವ ಆ ಆಮೆ 1883ರಲ್ಲಿ ಲಾರ್ಟೆ ಇಟ್ಟ ಟೆಸ್ಟುಡೊ ಕ್ಲೈನ್‌ಮನ್ನಿ ಎಂಬ ಹೆಸರಿನಲ್ಲಿ ಉಳಿದುಕೊಂಡಿದೆ. ಕಾರ್ಟರನ ಕಲ್ಲಾಮೆ ಮುಂದೆ ಟೆಸ್ಟುಡೊ ಕುಲದಿಂದಲೇ ಹೊರಬಿತ್ತು, ಅದು ನೆಲದಾಮೆಯೇ ಅಲ್ಲ, ಸಿಹಿನೀರಿನದು ಎಂದು ತಿಳಿಯಿತು. ಆದರೂ ಹೆಸರಿನ ಹಕ್ಕು ಹಿಂದಿರುಗಲಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಸತ್ತ ಆಮೆಯೊಂದು ಇಂದು ಉಸಿರಾಡುತ್ತಿರುವ ಆಮೆಯ ಹೆಸರನ್ನು ಬದಲಾಯಿಸಿದೆ. ಪಳೆಯುಳಿಕೆಯ ಅಧ್ಯಯನ ಬೇರೆ, ಜೀವಂತ ಪ್ರಾಣಿಗಳ ಅಧ್ಯಯನ ಬೇರೆ ಎಂದು ಎರಡು ಕೋಣೆ ಮಾಡಿಕೊಂಡು ಕುಳಿತವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ನದಿಯಲ್ಲಿ ಆಮೆ ಗುರುತಿಸುವವರು ಏನನ್ನು ನೋಡುತ್ತಾರೆ? ತಲೆಯ ಪಟ್ಟೆ, ಕತ್ತಿನ ಗೆರೆ, ಹೊಟ್ಟೆಯ ಬಣ್ಣ. ಉತ್ತರ ಭಾರತದ ಪಂಗ್ಶುರಾ ಟೆಕ್ಟಾ ಎಂಬ ಆಮೆಯ ಬೆನ್ನು ಗುಡಿಸಲಿನ ಮಾಡಿನಂತೆ ಇಳಿಜಾರು, ಕಣ್ಣಿನ ಹಿಂದೆ ಕೆಂಪು ಕಿತ್ತಳೆಯ ಬಾಗಿದ ಗುರುತು, ಹಳದಿ ಹೊಟ್ಟೆಯ ಮೇಲೆ ಹಲವು ಕಪ್ಪು ಚುಕ್ಕೆ. ಅದೇ ಕುಲದ ಪಂಗ್ಶುರಾ ಸ್ಮಿಥಿಯೈ ಆದರೆ ಹೊಟ್ಟೆ ಬಹುಪಾಲು ಕಪ್ಪು, ಅಂಚು ಮಾತ್ರ ಹಳದಿ. ನಮ್ಮ ಕೆರೆಗಳ ಕಪ್ಪು ಆಮೆ, ಮೆಲನೋಕೆಲಿಸ್ ಟ್ರೈಜುಗಾ, ಇದೆಯಲ್ಲ, ಅದರ ಉಪಪ್ರಭೇದಗಳನ್ನು ಬೇರ್ಪಡಿಸುವುದರಲ್ಲಿ ತಲೆಯ ಬಣ್ಣಕ್ಕೆ ದೊಡ್ಡ ಪಾಲು. ಇಷ್ಟು ಸಾಲದಿದ್ದರೆ ಇಂದು ಒಂದು ಹನಿ ರಕ್ತ ಸಾಕು, ಡಿಎನ್‌ಎ ನೋಡಬಹುದು. ಶ್ರೀಲಂಕಾದ ಲಿಸ್ಸೆಮಿಸ್ ಆಮೆಯನ್ನು ನಮ್ಮ ಗದ್ದೆ ಕೆರೆಗಳ ಲಿಸ್ಸೆಮಿಸ್ ಪಂಕ್ಟಾಟಾದಿಂದ ಬೇರೆಯೇ ಪ್ರಭೇದ ಎಂದು 2011ರಲ್ಲಿ ಎತ್ತಿ ಹಿಡಿದದ್ದು ಅಂಥ ಸಾಕ್ಷ್ಯದಿಂದ.

ಕಲ್ಲಿನಲ್ಲಿ ಇದಾವುದೂ ಇಲ್ಲ. ಪಟ್ಟೆ ಅಳಿದಿದೆ, ಚರ್ಮ ಕೊಳೆತಿದೆ, ಕೋಟಿ ವರ್ಷ ದಾಟಿದ ಮೂಳೆಯಿಂದ ಡಿಎನ್‌ಎ ಸಿಗುವುದಿಲ್ಲ. ಉಳಿದಿರುವುದು ಮೂಳೆ ಮಾತ್ರ, ಅದೂ ಅನೇಕ ಸಲ ಅಂಗೈಯಗಲದ ತುಂಡು. ಹಾಗಾದರೆ ಬದುಕಿರುವ ಪ್ರಭೇದವನ್ನೂ ಪಳೆಯುಳಿಕೆಯ ಪ್ರಭೇದವನ್ನೂ ಹೋಲಿಸುವುದು ಹೇಗೆ? ಬಹಳ ಪ್ರಾಣಿಗಳಲ್ಲಿ ಇದು ಕಷ್ಟ. ಆಮೆಯಲ್ಲಿ ಮಾತ್ರ ಪ್ರಕೃತಿ ನಮಗೊಂದು ಉಪಕಾರ ಮಾಡಿದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೇಜಿನ ಮೇಲಿರುವುದು ಪ್ಲಾಸ್ಟರ್ ಅಚ್ಚು, ನಿಜವಾದ ಚಿಪ್ಪಲ್ಲ. ಸತ್ತ ಆಮೆಯ ಚಿಪ್ಪನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಕಾಯ್ದೆಯಡಿ ತೊಂದರೆಗೆ ಈಡುಮಾಡುತ್ತದೆ, ನೆನಪಿರಲಿ. ಗಟ್ಟಿ ಚಿಪ್ಪಿನ ಆಮೆಯ ಬೆನ್ನಿಗೆ ಎರಡು ಪದರ. ಒಳಗಿನದು ಮೂಳೆ: ಬೆನ್ನುಮೂಳೆಯ ಮೇಲೆ ಒಂದು ಸಾಲು ನಡುಫಲಕಗಳು, ಅವುಗಳ ಇಕ್ಕೆಲದಲ್ಲಿ ಎಂಟು ಜೋಡಿ ಪಕ್ಕೆಫಲಕಗಳು, ಸುತ್ತ ಅಂಚಿನ ಫಲಕಗಳು. ಅದರ ಮೇಲೆ ನಮ್ಮ ಉಗುರಿನಂಥದೇ ವಸ್ತುವಿನ ಹೊದಿಕೆ, ಅಂದರೆ ಶಲ್ಕಗಳು. ನಡುವಿನಲ್ಲಿ ಐದು, ಇಕ್ಕೆಲದಲ್ಲಿ ನಾಲ್ಕು ನಾಲ್ಕು, ಅಂಚಿಗೆ ಚಿಕ್ಕವು. ಎಂಟು ಜೋಡಿ ಮೂಳೆಯ ಮೇಲೆ ನಾಲ್ಕು ಜೋಡಿ ಶಲ್ಕ ಎಂದರೆ ಮೂಳೆಯ ಸಂದಿ ಒಂದು ಕಡೆ, ಶಲ್ಕದ ಸಂದಿ ಇನ್ನೊಂದು ಕಡೆ. ಗೋಡೆ ಕಟ್ಟುವ ಗಾರೆಯವನು ಸಂದಿಯ ಮೇಲೆ ಸಂದಿ ಬಾರದಂತೆ ಇಟ್ಟಿಗೆ ಇಡುವುದನ್ನು ನೋಡಿದ್ದೀರಲ್ಲ, ಆಮೆಯ ಬೆನ್ನೂ ಹಾಗೆಯೇ ಗಟ್ಟಿಯಾಗಿದೆ.

ಆಮೆ ಸತ್ತ ಮೇಲೆ ಶಲ್ಕಗಳು ಉದುರಿಹೋಗುತ್ತವೆ. ಆದರೆ ಎರಡು ಶಲ್ಕ ಕೂಡಿದ್ದ ಕಡೆ ಮೂಳೆಯ ಮೇಲೆ ಸಣ್ಣ ಕಾಲುವೆಯಂಥ ಗೀರು ಉಳಿಯುತ್ತದೆ. ಮೂಳೆ ಕಲ್ಲಾದರೂ ಗೀರು ಅಳಿಯುವುದಿಲ್ಲ. ಹೀಗಾಗಿ ಕಲ್ಲಾದ ಆಮೆಯಲ್ಲಿ ನಾವು ಎರಡು ನಕ್ಷೆಗಳನ್ನು ಒಟ್ಟಿಗೆ ಓದಬಹುದು. ಗರಗಸದ ಹಲ್ಲಿನಂತೆ ಒಂದಕ್ಕೊಂದು ಕಚ್ಚಿಕೊಂಡ ಗೆರೆ ಮೂಳೆಯ ಸಂದಿ. ನುಣುಪಾಗಿ ತಗ್ಗಿದ ಗೆರೆ ಶಲ್ಕದ ಗುರುತು. ಹೊಸಬರು ಮೊದಲ ವಾರ ಇವೆರಡನ್ನೂ ಬೆರೆಸಿಬಿಡುತ್ತಾರೆ. ಎರಡನ್ನೂ ಬೇರೆ ಬೇರೆ ಬಣ್ಣದ ಪೆನ್ಸಿಲ್ಲಿನಲ್ಲಿ ಬಿಡಿಸಿ ಅಭ್ಯಾಸ ಮಾಡಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಈಗ ಕಾರ್ಟರನ ಆಮೆಗೆ ಹಿಂದಿರುಗೋಣ. ದಖ್ಖನ್ನಿನ ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ ಕೆರೆಗಳು ತುಂಬಿದವು, ಅವುಗಳ ಕೆಸರು ಮುಂದಿನ ಲಾವಾದ ಕೆಳಗೆ ಹೂತುಹೋಯಿತು. ಈ ಪದರಗಳಲ್ಲಿ ಬೊಂಬಾಯಿಯ ವರ್ಲಿಯ ಸುತ್ತ ಕಪ್ಪೆಗಳೂ ಆಮೆಗಳೂ ಸಿಕ್ಕವು. 1871ರಲ್ಲಿ ಗ್ರೇ ಈ ಆಮೆಯನ್ನು ಹೈಡ್ರಾಸ್ಪಿಸ್ ಕುಲಕ್ಕೆ ಸೇರಿಸಿದ. ಹೈಡ್ರಾಸ್ಪಿಸ್ ಎಂದರೆ ದಕ್ಷಿಣ ಅಮೆರಿಕದ ನದಿಗಳ ಆಮೆ! ಆ ಒಂದು ಹೆಸರಿನಿಂದ, ಆ ಮನೆತನ ಒಂದು ಕಾಲಕ್ಕೆ ಭಾರತದಲ್ಲಿಯೂ ಇತ್ತು ಎಂಬ ಮಾತು 80 ವರ್ಷ ಪುಸ್ತಕಗಳಲ್ಲಿ ಓಡಾಡಿತು. 1953ರಲ್ಲಿ ಅರ್ನೆಸ್ಟ್ ವಿಲಿಯಮ್ಸ್ ಅದನ್ನು ಮತ್ತೆ ಪರಿಶೀಲಿಸಿ, ಇದು ಆ ಮನೆತನದ್ದಲ್ಲ, ಇಂದು ಆಫ್ರಿಕಾದಲ್ಲಿರುವ ಆಮೆಗಳ ಬಳಗಕ್ಕೆ ಹತ್ತಿರದ್ದು ಎಂದು ತೋರಿಸಿದರು. ಕುಲಕ್ಕೆ ಕಾರ್ಟರನ ನೆನಪಿನಲ್ಲಿ ಕಾರ್ಟರೆಮಿಸ್ ಎಂಬ ಹೆಸರು ಬಂತು. ಒಂದು ತಪ್ಪು ಹೆಸರು ಒಂದು ಖಂಡದ ಚರಿತ್ರೆಯನ್ನೇ ತಪ್ಪಾಗಿ ಬರೆಸಿತ್ತು.

ಎರಡು ಅಭಿಪ್ರಾಯಗಳಲ್ಲೂ ಒಂದು ಮಾತು ಸಮಾನವಾಗಿತ್ತು: ಅದು ಅಡ್ಡಗತ್ತಿನ ಆಮೆ. ನಮ್ಮ ಆಮೆಗಳು ಬೆದರಿದಾಗ ಕತ್ತನ್ನು ನೇರ ಹಿಂದಕ್ಕೆ ಎಳೆದು ಚಿಪ್ಪಿನೊಳಗೆ ಸೇರಿಸುತ್ತವೆ. ಅಡ್ಡಗತ್ತಿನವು ಕತ್ತನ್ನು ಪಕ್ಕಕ್ಕೆ ಮಡಚಿ ಚಿಪ್ಪಿನ ಅಂಚಿನಡಿ ಇಡುತ್ತವೆ. ಇಂದು ಭಾರತದ ಯಾವ ನದಿಯಲ್ಲೂ ಅಂಥ ಒಂದೇ ಒಂದು ದೇಶೀಯ ಪ್ರಭೇದವಿಲ್ಲ. ಅವಿರುವುದು ದಕ್ಷಿಣ ಅಮೆರಿಕ, ಆಫ್ರಿಕಾ, ಮಡಗಾಸ್ಕರ್, ಆಸ್ಟ್ರೇಲಿಯಾ ಕಡೆ. ಕಲ್ಲಿನಲ್ಲಿ ಕತ್ತು ಮಡಚುವುದನ್ನು ಕಾಣುವುದು ಹೇಗೆ ಎಂದು ಕೇಳಬಹುದು. ಕತ್ತು ಬೇಡ, ಹೊಟ್ಟೆಯ ಚಿಪ್ಪು ಸಾಕು. ಅಡ್ಡಗತ್ತಿನ ಆಮೆಯ ಸೊಂಟದ ಮೂಳೆ ಚಿಪ್ಪಿಗೆ ಬೆಸೆದುಕೊಂಡಿರುತ್ತದೆ. ಹಿಂದಿನ ಫಲಕದ ಒಳಮೈಯಲ್ಲಿ ಅದರ ಬೆಸುಗೆಯ ಗಾಯ ಕಾಣುತ್ತದೆ. ಗಂಟಲಿನ ಬಳಿ ಒಂದು ಹೆಚ್ಚಿನ ಶಲ್ಕ: ನಮ್ಮ ಕಪ್ಪು ಆಮೆಯ ಹೊಟ್ಟೆಯಲ್ಲಿ ಹನ್ನೆರಡು ಶಲ್ಕಗಳಿದ್ದರೆ ಅವುಗಳಲ್ಲಿ ಹದಿಮೂರು. ನಮ್ಮ ಗಟ್ಟಿ ಚಿಪ್ಪಿನವುಗಳಲ್ಲಿ ಹೊಟ್ಟೆಯ ಮೂಳೆಗಳು ಒಂಬತ್ತು. ಅಡ್ಡಗತ್ತಿನ ಆಫ್ರಿಕಾ ಬಳಗದಲ್ಲಿ ಪಕ್ಕದಲ್ಲಿ ಇನ್ನೊಂದು ಜೋಡಿ ಸೇರಿ ಹನ್ನೊಂದು. ದಕ್ಷಿಣ ಅಮೆರಿಕದ ಹೈಡ್ರಾಸ್ಪಿಸ್ ಮನೆತನದಲ್ಲಿ ಆ ಹೆಚ್ಚಿನ ಜೋಡಿ ಇರುವುದಿಲ್ಲ. ಬೆರಳು ಮಡಚಿ ಎಣಿಸುವವರಿಗೂ ಇಷ್ಟು ಸಾಧ್ಯ.

ಆ ಕಾಲದ ಇನ್ನೊಂದು ಆಮೆಯ ಹೆಸರು ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ತಮಿಳುನಾಡಿನ ಅರಿಯಲೂರು ಸೀಮೆಯ ಕಲ್ಲಮೇಡು ಎಂಬಲ್ಲಿ, ಕಾವೇರಿ ಜಲಾನಯನ ಭೂಪ್ರದೇಶದ ಹಳೆಯ ಪದರಗಳಲ್ಲಿ ಸಿಕ್ಕ ಅಡ್ಡಗತ್ತಿನ ಆಮೆಗೆ 2001ರಲ್ಲಿ ಗ್ಯಾಫ್ನಿ, ಚಟರ್ಜಿ, ರುದ್ರ ಈ ಮೂವರು ಕೂರ್ಮದೆಮಿಸ್ ಕಲ್ಲಮೆಡೆನ್ಸಿಸ್ ಎಂದು ಹೆಸರಿಟ್ಟರು. ಕೂರ್ಮಾವತಾರದ ಕೂರ್ಮ! ಅದರ ಹತ್ತಿರದ ಬಂಧು ಕಿಂಕೋನಿಕೆಲಿಸ್ ಸಿಕ್ಕಿದ್ದು ಮಡಗಾಸ್ಕರಿನಲ್ಲಿ. ಎರಡೂ ನೆಲ ಒಂದಾಗಿದ್ದ ಕಾಲದ ನೆಂಟಸ್ತಿಕೆ ತಲೆಬುರುಡೆಯಲ್ಲಿ ಉಳಿದಿದೆ. ಮುಂಬೈಯಿಂದಲೂ 2003ರಲ್ಲಿ ಬುರುಡೆಯ ಆಧಾರದ ಮೇಲೆ ಸಂಕುಚೆಮಿಸ್ ಸೇತ್ನಾಯ್ ಎಂಬ ಪ್ರಭೇದ ಪ್ರಕಟವಾಯಿತು. ಇಲ್ಲೊಂದು ಎಚ್ಚರಿಕೆ ಬೇಕು. ಒಂದೇ ಸೀಮೆಯಲ್ಲಿ ಚಿಪ್ಪಿಗೆ ಒಂದು ಹೆಸರು, ಬುರುಡೆಗೆ ಇನ್ನೊಂದು ಹೆಸರು ಬಂದಾಗ ಆಮೆಗಳು ಎರಡೋ, ಒಂದೇ ಆಮೆಯ ಎರಡು ತುಂಡುಗಳೋ ಎಂಬ ಪ್ರಶ್ನೆ ಸಹಜ. ಬುರುಡೆ ಮತ್ತು ಚಿಪ್ಪು ಒಂದೇ ಮೈಗೆ ಸೇರಿಕೊಂಡು ಸಿಗುವ ತನಕ ಎರಡು ಹೆಸರುಗಳನ್ನೂ ಹಾಗೆಯೇ ಇಡುವುದು ಪ್ರಾಮಾಣಿಕತೆ. ಬದುಕಿರುವ ಆಮೆಯಲ್ಲಿ ಈ ತೊಂದರೆ ಬರುವುದೇ ಇಲ್ಲ ನೋಡಿ, ತಲೆ ಮೈಗೆ ಅಂಟಿಕೊಂಡೇ ಇರುತ್ತದೆ.

ಇಲ್ಲಿಯ ತನಕ ಹೇಳಿದ್ದು ಸುಲಭದ ಭಾಗ. ಇಡೀ ಬಳಗವೇ ಬೇರೆಯಾಗಿದ್ದಾಗ ಗುರುತಿಸುವುದು ದೊಡ್ಡ ಕಷ್ಟವಲ್ಲ. ಕಷ್ಟ ಬರುವುದು ಪಳೆಯುಳಿಕೆ ನಮ್ಮ ಕಾಲಕ್ಕೆ ಹತ್ತಿರವಾದಷ್ಟೂ. ಹಿಮಾಲಯದ ಬುಡದ ಶಿವಾಲಿಕ ಬೆಟ್ಟಗಳಿಗೆ ಹೋಗೋಣ.

ಶಿವಾಲಿಕದಲ್ಲಿ ಅಳಿದುಹೋದ ಆನೆಗಳ, ನೀರಾನೆಗಳ ಮೂಳೆಯ ಜೊತೆಗೆ ನದಿಯಾಮೆಗಳ ಚಿಪ್ಪುಗಳು ಸಿಗುತ್ತವೆ. 1885ರಲ್ಲಿ ರಿಚರ್ಡ್ ಲಿಡೆಕರ್ ಶಿವಾಲಿಕ ಮತ್ತು ನರ್ಮದೆಯ ಆಮೆಗಳ ಬಗ್ಗೆ ವಿಸ್ತಾರವಾಗಿ ಬರೆದರು. ಅವುಗಳಲ್ಲಿ ಕೆಲವು ಚಿಪ್ಪುಗಳು ಇಂದು ಗಂಗೆಯಲ್ಲಿ ಬಿಸಿಲು ಕಾಯಿಸಿಕೊಳ್ಳುವ ಪಂಗ್ಶುರಾ ಟೆಕ್ಟಾದಿಂದ ಬೇರ್ಪಡಿಸಲು ಬಾರದಷ್ಟು ಒಂದೇ ತರಹ. ಜೊತೆಯ ಆನೆ ಅಳಿದಿದೆ, ಆಮೆ ಅಳಿದಿಲ್ಲ! ಇದು ಹೇಗೆ ಗೊತ್ತಾಯಿತು? ಆ ಗೀರುಗಳಿಂದಲೇ. ಪಂಗ್ಶುರಾ ಬಳಗದಲ್ಲಿ ಬೆನ್ನಿನ ನಾಲ್ಕನೆಯ ನಡುಶಲ್ಕ ಬಲು ಉದ್ದ, ಮುಂದಕ್ಕೆ ಬಂದಂತೆ ಶೀಷೆಯ ಕತ್ತಿನಂತೆ ಕಿರಿದಾಗುತ್ತದೆ, ನಾಲ್ಕೈದು ನಡುಫಲಕಗಳ ಮೇಲೆ ಹಾಸಿಕೊಂಡಿರುತ್ತದೆ. ಮೂರನೆಯದು ಹಿಂದಕ್ಕೆ ಚೂಪಾಗಿ ಮೊನೆ ಎತ್ತಿರುತ್ತದೆ. ಕೆಂಪು ಪಟ್ಟೆ ಹೋದರೂ ಈ ಆಕಾರ ಹೋಗದು.

ಅದೇ ಕುಲದಲ್ಲಿ ಅಳಿದ ಪ್ರಭೇದವೂ ಇದೆ. ಪಾಕಿಸ್ತಾನದ ಶಿವಾಲಿಕ ಪದರಗಳಿಂದ 2010ರಲ್ಲಿ ಜಾಯ್ಸ್ ಮತ್ತು ಲೈಸನ್ ಪಂಗ್ಶುರಾ ಟಟ್ರೋಟಿಯಾ ಎಂಬ ಹೊಸ ಪ್ರಭೇದವನ್ನು ವರ್ಣಿಸಿದರು. ಹರಿಯಾಣದ ಪಿಂಜೋರಿನ ಶಿವಾಲಿಕ ಪದರಗಳಿಂದ 1969ರಲ್ಲಿ ತಿವಾರಿ ಮತ್ತು ಬದಾಮ್ ಅವರು ಜಿಯೊಕ್ಲೆಮಿಸ್ ಶಿವಾಲೆನ್ಸಿಸ್ ಎಂಬ ಪ್ರಭೇದವನ್ನು ವರ್ಣಿಸಿದ್ದರು. ಅದೇ ಕುಲದ ಜಿಯೊಕ್ಲೆಮಿಸ್ ಹ್ಯಾಮಿಲ್ಟನಿಯೈ ಇಂದಿಗೂ ಸಿಂಧೂ ಗಂಗಾ ಬಯಲಿನಲ್ಲಿ ಬದುಕಿದೆ. ಹಾಗಾದರೆ ಎಷ್ಟು ವ್ಯತ್ಯಾಸವಿದ್ದರೆ ಹೊಸ ಪ್ರಭೇದ? ಎಷ್ಟಿದ್ದರೆ ಅದೇ ಪ್ರಭೇದದ ಇನ್ನೊಂದು ಆಮೆ?

ಇಂದಿನ ಉಪನ್ಯಾಸದಲ್ಲಿ ನಾನು ಹೇಳಲೇಬೇಕೆಂದು ಬಂದದ್ದು ಈ ವಿಷಯ. ಬದುಕಿರುವ ಒಂದೇ ಪ್ರಭೇದದೊಳಗೆ ಎಷ್ಟು ಬದಲಾವಣೆ ಸಾಧ್ಯ ಎಂದು ತಿಳಿಯದವರು ಪಳೆಯುಳಿಕೆಗೆ ಹೊಸ ಹೆಸರಿಡಬಾರದು. ಬಟಾಗುರ್ ಕಚುಗಾ ಎಂಬ ಗಂಗೆಯ ಆಮೆಯನ್ನು ತೆಗೆದುಕೊಳ್ಳಿ. ಹೆಣ್ಣಿನ ಪಕ್ಕದಲ್ಲಿ ಗಂಡು ಮರಿಯಂತೆ ಕಾಣುತ್ತದೆ, ಅಷ್ಟು ಚಿಕ್ಕದು. ಬೆದೆಗಾಲದಲ್ಲಿ ಗಂಡಿನ ತಲೆಗೆ ಕೆಂಪು, ನೀಲಿ ಬಣ್ಣ ಬರುತ್ತದೆ, ಮೂಳೆಗೆ ಅದು ತಿಳಿಯದು. ಬಟಾಗುರ್ ಮರಿಗಳ ಬೆನ್ನಿನ ಮೇಲೆ ಏಣು, ಮೊನೆಗಳಿರುತ್ತವೆ. ಮುದಿಯಾದಂತೆ ಸವೆದು ಬೆನ್ನು ನುಣುಪಾಗುತ್ತದೆ. ಮರಿಯ ಚಿಪ್ಪಿನ ಮೂಳೆಗಳ ನಡುವೆ ಕಿಂಡಿಗಳಿರುತ್ತವೆ, ಬೆಳೆದಂತೆ ಮುಚ್ಚುತ್ತವೆ. ಕೆಲವು ಪ್ರಭೇದಗಳಲ್ಲಿ ಗಂಡಿನ ಕಿಂಡಿ ಹೆಣ್ಣಿಗಿಂತ ಹೆಚ್ಚು ಕಾಲ ತೆರೆದಿರುತ್ತದೆ. ಮೇಲಿಂದ ಕೆಲವು ಆಮೆಗಳು ಹುಟ್ಟುತ್ತಲೇ ಒಂದು ಶಲ್ಕ ಹೆಚ್ಚು, ಒಂದು ಕಡಿಮೆ ಹೊಂದಿರುತ್ತವೆ. ಈ ಗಂಡು, ಹೆಣ್ಣು, ಮರಿ, ಮುದಿ, ವಿಕೃತ ಚಿಪ್ಪುಗಳೆಲ್ಲ ಬೇರೆ ಬೇರೆ ಪದರದಲ್ಲಿ ಹೂತುಹೋಗಿ, ಬೇರೆ ಬೇರೆ ಪಂಡಿತರ ಕೈಗೆ ಸಿಕ್ಕರೆ ಒಂದು ಪ್ರಭೇದಕ್ಕೆ ಐದು ಹೆಸರು ಬರುವುದು ಖಂಡಿತ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಗೆಯೇ ಆಯಿತು ಕೂಡ. ಅವರನ್ನು ನಾನು ದೂರುವುದಿಲ್ಲ, ಹೋಲಿಸಲು ಅವರ ಬಳಿ ಇದ್ದ ಅಸ್ಥಿಗಳೇ ಬೆರಳೆಣಿಕೆಯಷ್ಟು. ಇಂದು ನಾವು ಅದೇ ತಪ್ಪನ್ನು ಮಾಡಿದರೆ ಕ್ಷಮೆಯಿಲ್ಲ.

ತಪ್ಪು ಇನ್ನೊಂದು ಕಡೆಗೂ ಆಗುತ್ತದೆ. ಮೂಳೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರೆ ಪ್ರಭೇದ ಒಂದೇ ಎಂದು ಸಾಧಿತವಾಗುವುದಿಲ್ಲ. ಬಾಂಗ್ಲಾದೇಶದ ಚಿತ್ತಗಾಂಗಿನ ಬಯಜೀದ್ ಬೊಸ್ತಾಮಿ ದರ್ಗಾದ ಕೊಳದಲ್ಲಿ ಭಕ್ತರ ಕೈತುತ್ತು ತಿಂದು ಬದುಕಿದ ಕಪ್ಪು ಮೆದುಚಿಪ್ಪಿನ ಆಮೆ, ನಿಲ್ಸೋನಿಯಾ ನಿಗ್ರಿಕನ್ಸ್, ಬೇರೆಲ್ಲೂ ಉಳಿದಿಲ್ಲವೆಂದು ಬಹುಕಾಲ ಎಲ್ಲರೂ ನಂಬಿದ್ದರು. ಅಸ್ಸಾಮಿನ ದೇವಸ್ಥಾನದ ಕೊಳಗಳಲ್ಲೂ ಅದೇ ಆಮೆ ಇದೆ ಎಂದು ಖಚಿತಪಡಿಸಿದ್ದು ಡಿಎನ್‌ಎ. ಹತ್ತಾರು ಲಕ್ಷ ವರ್ಷ ಹಳೆಯ ಕಲ್ಲಿಗೆ ಈ ಸಾಧನವಿಲ್ಲ. ಆದ್ದರಿಂದ ಶಿವಾಲಿಕದ ಚಿಪ್ಪನ್ನು ಪಂಗ್ಶುರಾ ಟೆಕ್ಟಾ ಎಂದು ಕರೆದಾಗ ನಾವು ಹೇಳುತ್ತಿರುವುದು ಇಷ್ಟೇ: ಮೂಳೆ ಹೇಳಬಲ್ಲಷ್ಟರ ಮಟ್ಟಿಗೆ ಇದು ಅದೇ.

ಮೆದುಚಿಪ್ಪಿನವುಗಳಲ್ಲಿ ಗುರುತಿಸುವ ಕೆಲಸ ಇನ್ನೂ ಬಿಗಿ. ಅವುಗಳಿಗೆ ಶಲ್ಕವೇ ಇಲ್ಲ, ತೊಗಲಿನ ಹೊದಿಕೆ. ಅಂದರೆ ನಮ್ಮ ಎರಡು ನಕ್ಷೆಗಳಲ್ಲಿ ಒಂದು ಮಾಯ. ಹೆಚ್ಚಿನವುಗಳಿಗೆ ಅಂಚಿನ ಫಲಕಗಳೂ ಇಲ್ಲ. ಮೂಳೆಯ ಮೇಲೆ ಗುಳಿ ಮತ್ತು ಏಣುಗಳ ಜಾಲವಿರುತ್ತದೆ, ಮಳೆ ಹನಿ ಬಿದ್ದು ಒಣಗಿದ ಕೆಸರಿನಂತೆ. ಬಳಗವನ್ನು ಗುರುತಿಸಲು ಅದು ಸಾಕು, ಪ್ರಭೇದಕ್ಕೆ ಸಾಲದು. ನಮ್ಮ ಲೀತ್ ಆಮೆಯ (ನಿಲ್ಸೋನಿಯಾ ಲೀಥಿಯೈ) ಮರಿಗಳ ಬೆನ್ನಿನ ಕಣ್ಣಿನಂಥ ವೃತ್ತಗಳು ತೊಗಲಿನ ಮೇಲಿನವು, ಅವು ತೊಗಲಿನ ಜೊತೆಗೇ ಹೋಗುತ್ತವೆ. ಮೂಳೆಯಲ್ಲಿ ನೋಡಬೇಕಾದದ್ದು ಮೊದಲ ಜೋಡಿ ಪಕ್ಕೆಫಲಕಗಳ ನಡುವೆ ಎಷ್ಟು ನಡುಫಲಕಗಳಿವೆ ಎಂಬುದು: ಲೀತ್ ಆಮೆ, ಗಂಗೆಯ ಮೆದುಚಿಪ್ಪಿನ ಆಮೆಗಳಲ್ಲಿ ಸಾಮಾನ್ಯವಾಗಿ ಎರಡು. ಹೊಟ್ಟೆಯ ಫಲಕಗಳ ಮೇಲೆ ಒರಟು ಗಂಟುಗಳು ಎಷ್ಟು ಎಂಬುದೂ ಮುಖ್ಯ. ಬೆಳೆದ ಲಿಸ್ಸೆಮಿಸ್ ಪಂಕ್ಟಾಟಾದಲ್ಲಿ ಏಳು. ಬುರುಡೆ ಸಿಕ್ಕರಂತೂ ಅದೃಷ್ಟ: ಚಿತ್ರಾ ಇಂಡಿಕಾದ ಬುರುಡೆ ಉದ್ದ, ಕಣ್ಣುಗುಳಿಗಳು ಮೂತಿಯ ತುದಿಗೇ ಬಂದಿರುತ್ತವೆ, ಕುರುಡನೂ ಬೆರಳಾಡಿಸಿ ಹೇಳಬಲ್ಲ.

ನಮ್ಮ ರಾಜ್ಯದ ವಿಷಯವಾಗಿ ಒಂದು ಮಾತು. ದಖ್ಖನ್ನಿನ ಲಾವಾ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಹರಡಿದೆ. ಗುರುಮಠಕಲ್ ಬಳಿ ಲಾವಾ ನಡುವಿನ ಕೆರೆಯ ಪದರಗಳಲ್ಲಿ ಸೂಕ್ಷ್ಮ ಚಿಪ್ಪುಜೀವಿಗಳ ಪಳೆಯುಳಿಕೆಗಳು ಸಿಕ್ಕಿವೆ. ಕೆರೆ ಇದ್ದಲ್ಲಿ ಆಮೆ ಇದ್ದಿರಬಹುದು ಎಂಬುದು ನನ್ನ ಆಸೆ, ಅದಕ್ಕಿಂತ ಹೆಚ್ಚಿನದಲ್ಲ. ಆದರೆ ಅಂಥದೊಂದು ನಾಳೆ ಸಿಕ್ಕರೆ ಹೋಲಿಸಲು ನಮ್ಮ ಬಳಿ ಏನಿದೆ? ನದಿಯಲ್ಲಿ ಬಲೆಗೆ ಸಿಕ್ಕಿ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುವ ಆಮೆಗಳನ್ನು ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಸಂಗ್ರಹಾಲಯಗಳು ಪಡೆದು, ಗಂಡೋ ಹೆಣ್ಣೋ, ಎಷ್ಟು ಉದ್ದ, ಯಾವ ನದಿ ಎಂದು ಬರೆದು ಅಸ್ಥಿಯನ್ನು ಕಾಯ್ದಿಡಬೇಕು. ಲೀತ್ ಆಮೆ ಇಂದು ತೀವ್ರ ಅಪಾಯದಲ್ಲಿರುವ ಪ್ರಭೇದ. ಅದರ ಮೂಳೆಯ ಪೂರ್ಣ ಪರಿಚಯ ನಮಗಾಗುವ ಮೊದಲೇ ಅದು ಪಳೆಯುಳಿಕೆಗಳ ಪಟ್ಟಿಗೆ ಸೇರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಉಪನ್ಯಾಸದ ನಂತರದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ಹೊಳೆಯ ದಂಡೆಯಲ್ಲಿ ಒಂದು ಮೂಳೆ ಚೂರು ನೋಡಿದೆ. ಅದು ಹಳೆಯದೋ, ಈಗಿನ ಆಮೆಯದೋ ಹೇಗೆ ತಿಳಿಯುವುದು?” ಎಂದು ಕೇಳಿದರು. ಮೊಬೈಲಿನಲ್ಲಿ ಚಿತ್ರವಿತ್ತು. ಬಣ್ಣವನ್ನು ನಂಬಬೇಡಿ ಎಂದೆ. ಕೆಸರಿನಲ್ಲಿ ಬಿದ್ದ ಹೊಸ ಮೂಳೆಯೂ ಕೆಲವು ವರ್ಷಗಳಲ್ಲಿ ಕಪ್ಪಾಗುತ್ತದೆ. ತೂಕ ನೋಡಬೇಕು, ಮುರಿದ ಅಂಚಿನಲ್ಲಿ ಮೂಳೆಯ ರಂಧ್ರಗಳು ಖಾಲಿಯೋ, ಖನಿಜ ತುಂಬಿವೆಯೋ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಅದು ಮರಳಿನ ಮೇಲೆ ಬಿದ್ದಿತ್ತೋ, ದಂಡೆಯ ಪದರದೊಳಗೆ ಕಚ್ಚಿಕೊಂಡಿತ್ತೋ. ನದಿ ತನ್ನ ದಂಡೆಯ ಹಳೆಯ ಮೂಳೆಯನ್ನು ಕೊರೆದು ತಂದು ಹೊಸದರ ಪಕ್ಕದಲ್ಲೇ ಇಡುತ್ತದೆ.

ಚಿತ್ರದಲ್ಲಿ ಗುಳಿಗಳ ಜಾಲ ಸ್ಪಷ್ಟವಾಗಿತ್ತು. ಶಲ್ಕದ ಗೀರಿರಲಿಲ್ಲ. ಪಕ್ಕೆಲುಬಿನ ತುದಿ ಫಲಕದ ಅಂಚಿನಿಂದ ಹೊರಕ್ಕೆ ಚಾಚಿತ್ತು. ಮೆದುಚಿಪ್ಪಿನ ಆಮೆಯ ಪಕ್ಕೆಫಲಕ, ಅದರಲ್ಲಿ ಸಂದೇಹವಿಲ್ಲ. “ಪ್ರಭೇದ ಯಾವುದು ಸರ್? ಲೀತ್ ಆಮೆಯೇ?” ಎಂದರು. ಆ ಹೊಳೆಯಲ್ಲಿ ಅದು ಇರುವುದರಿಂದ ಹಾಗೆ ಊಹಿಸುವುದು ಸುಲಭ. ಆದರೆ ಪಕ್ಕದ ನಡುಫಲಕಗಳು ಆ ಚೂರಿನಲ್ಲಿ ಇರಲಿಲ್ಲ. ಅವರ ಟಿಪ್ಪಣಿ ಪುಸ್ತಕ ತೆಗೆದುಕೊಂಡು ಬರೆದುಕೊಟ್ಟೆ: “ಟ್ರಯೋನಿಕಿಡೇ ಕುಟುಂಬ, ಪಕ್ಕೆಫಲಕ, ಪ್ರಭೇದ ಅನಿರ್ದಿಷ್ಟ.” ಟ್ರಯೋನಿಕಿಡೇ ಎಂದರೆ ಮೆದುಚಿಪ್ಪಿನ ಆಮೆಗಳ ಕುಟುಂಬ. ಕೆಳಗೆ ದಿನಾಂಕ, ಹೊಳೆಯ ಹೆಸರು, ಹತ್ತಿರದ ಊರು ಇವುಗಳನ್ನು ಅವರೇ ತುಂಬಿದರು. ಪದರ ಎಂಬಲ್ಲಿ ಖಾಲಿ ಬಿಟ್ಟು, ಮುಂದಿನ ಭಾನುವಾರ ಮತ್ತೆ ಹೋಗಿ ನೋಡಿಕೊಂಡು ಬರುತ್ತೇನೆ ಎಂದರು.